ಕಿಮ್ ಯಾವ ಕಾರ್ಖಾನೆಗೆ ಹೋದರು?

ಉತ್ತರ ಕೊರಿಯಾದ ಬಜೆಟ್‌ನಲ್ಲಿ ಶೇಕಡಾವಾರು ಲೆಕ್ಕ ಇರುತ್ತದೆ, ಮೊತ್ತ ಇರುವುದಿಲ್ಲ. ಅಲ್ಲಿ ಹಣ ಎತ್ತ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಕಿಮ್ ಜಾಂಗ್ ಉನ್ ಎಲ್ಲೆಲ್ಲಿಗೆ ತಪಾಸಣೆಗೆ ಹೋದರು ಎಂಬ ಪಟ್ಟಿ ಹಿಡಿದು ಕೂರಬೇಕು. ಸುತ್ತ ನೋಟ್‌ಬುಕ್ ಹಿಡಿದು ನಿಂತ ಅಧಿಕಾರಿಗಳ ಫೋಟೊ ಕಂಡು ನಕ್ಕು ಪುಟ ತಿರುಗಿಸುವವರೇ ಹೆಚ್ಚು.

2023ರ ಜುಲೈ ಕೊನೆಯಲ್ಲಿ ರಷ್ಯಾದ ಆಗಿನ ರಕ್ಷಣಾ ಸಚಿವ ಸೆರ್ಗೆಯ್ ಶೋಯ್ಗು ಪ್ಯಾಂಗ್ಯಾಂಗ್‌ಗೆ ಬಂದುಹೋದರು. ಆಗಸ್ಟ್ ಮೊದಲ ವಾರದಲ್ಲೇ ಕಿಮ್ ಮೂರು ದಿನ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಸುತ್ತಿದರು. ರಾಕೆಟ್ ಲಾಂಚರ್ ಗುಂಡು, ಕ್ರೂಸ್ ಕ್ಷಿಪಣಿ ಎಂಜಿನ್ ನೋಡಿದರು. ರೈಫಲ್ ಎತ್ತಿ ತಾವೇ ಗುಂಡು ಹಾರಿಸಿದರು. ಮುಂದಿನ ವಾರ ಮತ್ತೊಂದು ಸುತ್ತು, ಉತ್ಪಾದನೆ ಹೆಚ್ಚಿಸಿ ಎಂಬ ಅಪ್ಪಣೆ. ಸಾವಿರಕ್ಕೂ ಹೆಚ್ಚು ಕಂಟೇನರ್ ಯುದ್ಧಸಾಮಗ್ರಿ ರಷ್ಯಾಕ್ಕೆ ಸಾಗಿದೆ ಎಂದು ಅಮೆರಿಕ ಬಾಯಿಬಿಟ್ಟಿದ್ದು ಅಕ್ಟೋಬರಿನಲ್ಲಿ.

ಅದೇ ಆಗಸ್ಟಿನಲ್ಲಿ ಪಶ್ಚಿಮ ಕರಾವಳಿಯ ಒಡ್ಡು ಒಡೆದು ಸಮುದ್ರದ ನೀರು ಭತ್ತದ ಗದ್ದೆಗೆ ನುಗ್ಗಿತು. ಕಿಮ್ ಅಲ್ಲಿಗೂ ಹೋದರು, ನೀರಿಗೂ ಇಳಿದರು. ಆದರೆ ಅಲ್ಲಿ ಕೇಳಿಸಿದ್ದು ಬೈಗುಳ. ಪ್ರಧಾನಿ ಕಿಮ್ ಟೊಕ್ ಹುನ್ ಹೊಣೆಗೇಡಿ ಎಂದು ದೇಶಕ್ಕೆಲ್ಲ ಸಾರಲಾಯಿತು. ಇಷ್ಟಾದರೂ ಆ ಮನುಷ್ಯ 2024ರ ಡಿಸೆಂಬರ್‌ವರೆಗೆ ಕುರ್ಚಿಯಲ್ಲೇ ಇದ್ದರು! ಬೈಗುಳ ಜನರ ಕಿವಿಗೆ, ದುಡ್ಡು ಮದ್ದುಗುಂಡಿಗೆ. 2018ರಲ್ಲಿ ಒರಾಂಗ್‌ಚೋನ್ ಜಲವಿದ್ಯುತ್ ಯೋಜನೆಯಲ್ಲೂ ಹೀಗೇ ಆಗಿತ್ತು. 1981ರಲ್ಲಿ ಶುರುವಾದ ಕೆಲಸ ಮುಗಿದಿಲ್ಲವೆಂದು ಕಿಮ್ ಜಾಂಗ್ ಉನ್ ಸಚಿವ ಸಂಪುಟದ ಮೇಲೆ ಹರಿಹಾಯ್ದರು; ಅದರ ಹಿಂದಿನ ವರ್ಷವಿಡೀ ದೇಶ ಕ್ಷಿಪಣಿ ಹಾರಿಸುತ್ತಿತ್ತು.

ಪಟ್ಟಿ ಯಾವಾಗಲೂ ಕೆಟ್ಟ ಸುದ್ದಿಯನ್ನೇ ಹೇಳುತ್ತದೆ ಎಂದಲ್ಲ. ಆರ್ಥಿಕತೆಗೇ ಮೊದಲ ಮಣೆ ಎಂದು ಘೋಷಿಸಿದ ಆ 2018ರ ಬೇಸಿಗೆಯಲ್ಲಿ ಅವರು ಜವಳಿ ಗಿರಣಿ, ಹೋಟೆಲ್ ಕಟ್ಟಡಗಳನ್ನು ನಿಜಕ್ಕೂ ಸುತ್ತಿದ್ದರು. ಆದರೆ ಅಮೆರಿಕದ ಜತೆಗಿನ 2019ರ ಹನೋಯ್ ಮಾತುಕತೆ ಮುರಿದುಬಿತ್ತು, ಕೆಲವೇ ತಿಂಗಳಲ್ಲಿ ಕ್ಷಿಪಣಿಗಳು ಮತ್ತೆ ಹಾರಿದವು.

ಈಗ ಎಚ್ಚರದ ಮಾತು. ವರ್ಷಕ್ಕೆ 20 ಕೌಂಟಿಗಳಂತೆ 10 ವರ್ಷ ಸ್ಥಳೀಯ ಕಾರ್ಖಾನೆ ಕಟ್ಟುವ ಯೋಜನೆ 2024ರಲ್ಲಿ ಶುರುವಾಗಿದೆ. ಶಂಕುಸ್ಥಾಪನೆಯ ಫೋಟೊಗಳಿಗೆ ಬರವಿಲ್ಲ. ಆದರೆ ಕಚ್ಚಾ ಸಾಮಗ್ರಿ, ಕರೆಂಟು ಇಲ್ಲದೆ ಕಾರ್ಖಾನೆ ನಡೆಯದು. ಉದ್ಘಾಟನೆಯಾದ ಘಟಕಕ್ಕೆ ಕಿಮ್ ಎರಡನೇ ಸಲ ಹೋಗುತ್ತಾರೆಯೇ, ಮದ್ದುಗುಂಡಿನ ಕಾರ್ಖಾನೆಗಳಿಗೆ ಎಷ್ಟು ಸಲ ಹೋಗುತ್ತಾರೆ, ಎರಡನ್ನೂ ಎಣಿಸಬೇಕು. ಉಕ್ರೇನ್ ಯುದ್ಧ ನಿಂತ ಮೇಲೂ ಎರಡನೆಯ ಲೆಕ್ಕ ಇಳಿಯದಿದ್ದರೆ ಆ ಸರಕಿಗೆ ಬೇರೆ ಗಿರಾಕಿ ಹುಡುಕಲಾಗುತ್ತಿದೆ ಎಂದೇ ತಿಳಿಯಬೇಕು. ಭಾರತಕ್ಕೆ ಇದು ದೂರದ ಮಾತಲ್ಲ. ಪಾಕಿಸ್ತಾನದ ಘೌರಿ ಕ್ಷಿಪಣಿಯ ಮೂಲ ಪ್ಯಾಂಗ್ಯಾಂಗ್‌ನದು. 1999ರಲ್ಲಿ ನಮ್ಮ ಕಾಂಡ್ಲಾ ಬಂದರಿನಲ್ಲೇ ಉತ್ತರ ಕೊರಿಯಾದ ಹಡಗೊಂದರಲ್ಲಿ ಕ್ಷಿಪಣಿ ಬಿಡಿಭಾಗ ಸಿಕ್ಕಿತ್ತು. ದೆಹಲಿಯ ವಿದೇಶಾಂಗ ಇಲಾಖೆ ಈ ಎಣಿಕೆಯನ್ನು ಸೋಲ್, ವಾಷಿಂಗ್ಟನ್‌ಗಳಿಗೆ ಬಿಟ್ಟು ಕೂರದೆ ತಾನೇ ಮಾಡಲಿ.