ಮಂಡಿಯ ಲಿಗಮೆಂಟ್ ಹರಿದರೆ ಎಣ್ಣೆ ಹಚ್ಚಿ 21 ದಿನದಲ್ಲಿ ಕೂಡಿಸಬಹುದೇ?

“ಲಿಗಮೆಂಟ್ ಹರಿದಿದೆಯೇ? ಆಪರೇಷನ್ ಬೇಡ. ಈ ಎಣ್ಣೆ ಹಚ್ಚಿ ನೀವಿ, 21 ದಿನದಲ್ಲಿ ಕೂಡಿಕೊಳ್ಳುತ್ತದೆ” ಎಂಬ ಧಾಟಿಯ ಮೆಸೇಜ್‌ಗಳು ನಿಮಗೂ ಬಂದಿರಬಹುದು. ಹಾಗಾದರೆ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ನೇಮರ್ ವಿಷಯ ಏನು? 2023ರ ಅಕ್ಟೋಬರ್‌ನಲ್ಲಿ ಉರುಗ್ವೆ ವಿರುದ್ಧದ ಪಂದ್ಯದಲ್ಲಿ ಅವರ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಮತ್ತೆ ಪಂದ್ಯ ಆಡಿದ್ದು 2024ರ ಅಕ್ಟೋಬರ್‌ನಲ್ಲಿ. ಹಣಕ್ಕೂ ವೈದ್ಯರಿಗೂ ಕೊರತೆಯಿಲ್ಲದ ಅವರಿಗೇ ಒಂದು ವರ್ಷ ಹಿಡಿಯಿತು.

ಹರಿದದ್ದು ಎಸಿಎಲ್. ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಓರೆಯಾಗಿ ಬಿಗಿದಿಡುವ ಗಟ್ಟಿ ಪಟ್ಟಿ ಇದು. ಎದುರಾಳಿ ಗುದ್ದಿಯೇ ಹರಿಯಬೇಕೆಂದಿಲ್ಲ. ಹೆಚ್ಚಿನ ಸಲ ಓಡುತ್ತಾ ತಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ ಅಥವಾ ಜಿಗಿದು ಇಳಿದಾಗ ಹರಿಯುತ್ತದೆ. ‘ಟಪ್’ ಎಂದ ಅನುಭವ, ಕೆಲವೇ ಗಂಟೆಗಳಲ್ಲಿ ಊತ.

ಇದು ಏಕೆ ಸುಲಭವಾಗಿ ಕೂಡುವುದಿಲ್ಲ? ಗಾಯ ಮಾಯಲು ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ಸೇತುವೆಯಂತೆ ನಿಲ್ಲಬೇಕು. ಕೀಲಿನೊಳಗಿನ ದ್ರವದಲ್ಲಿ ಆ ಹೆಪ್ಪು ನಿಲ್ಲುವುದಿಲ್ಲ. ಚರ್ಮಕ್ಕೆ ಹಚ್ಚಿದ ಎಣ್ಣೆ ಅಲ್ಲಿಗೆ ತಲುಪುವ ಮಾತಂತೂ ದೂರ.

ಆದರೂ “ನನಗೆ ವಾಸಿಯಾಯಿತು” ಎನ್ನುವವರೆಲ್ಲ ಸುಳ್ಳು ಹೇಳುತ್ತಿಲ್ಲ. ಮಂಡಿಯ ಒಳಬದಿಯಲ್ಲಿ ಎಂಸಿಎಲ್ ಎಂಬ ಇನ್ನೊಂದು ಲಿಗಮೆಂಟ್ ಇದೆ. ಅದಕ್ಕೆ ಪೆಟ್ಟಾದರೆ ಬಹುತೇಕ ಆಪರೇಷನ್ ಇಲ್ಲದೆಯೇ ಕೆಲವು ವಾರಗಳಲ್ಲಿ ಮಾಯುತ್ತದೆ. ಹೆಸರು ಎಣ್ಣೆಗೆ ಬರುತ್ತದೆ. ಎಸಿಎಲ್ ಹರಿದಾಗಲೂ ಊತ ತಾನಾಗಿ ಇಳಿಯುತ್ತದೆ, ನೇರವಾಗಿ ನಡೆಯಲು ತೊಂದರೆ ಕಾಣದಿರಬಹುದು, ಎಕ್ಸ್‌ರೇ ಕೂಡ ನಾರ್ಮಲ್ ಬರಬಹುದು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ! ಮತ್ತೆ ಕಬಡ್ಡಿಗೋ ಶಟಲ್‌ಗೋ ಇಳಿದಾಗ ಮಂಡಿ ಕೈಕೊಡುತ್ತದೆ. ಹಾಗೆ ಜಾರಿದಾಗಲೆಲ್ಲ ಮೂಳೆಗಳ ನಡುವಿನ ಮೆತ್ತೆಯೂ ಹರಿಯುವ ಅಪಾಯ ಇದೆ.

ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಹಳೆಯ ಲಿಗಮೆಂಟನ್ನು ಹೊಲಿಯುವುದಿಲ್ಲ. ರೋಗಿಯ ಕಾಲಿನಿಂದಲೇ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಅದಕ್ಕೆ ಹೊಸ ರಕ್ತನಾಳ ಬೆಳೆದು ಗಟ್ಟಿಯಾಗಲು ತಿಂಗಳುಗಳೇ ಬೇಕು. ನೋವು ಮಾತ್ರ ಅದಕ್ಕೂ ಮೊದಲೇ ಹೋಗಿರುತ್ತದೆ, ಎಡವಟ್ಟಾಗುವುದೇ ಇಲ್ಲಿ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಸ್ಪೇನ್‌ನ ಅಲೆಕ್ಸಿಯಾ ಪುಟೆಯಾಸ್ 2022ರ ಜುಲೈನಲ್ಲಿ, ಯೂರೋ ಟೂರ್ನಿಯ ಮುನ್ನಾದಿನ ಅಭ್ಯಾಸದಲ್ಲಿ ಎಸಿಎಲ್ ಹರಿದುಕೊಂಡರು. ಮರಳಿದ್ದು 2023ರ ಏಪ್ರಿಲ್ ಕೊನೆಗೆ. ಅದೇ ಆಗಸ್ಟ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು.

ಹಾಗಂತ ಎಲ್ಲರಿಗೂ ಆಪರೇಷನ್ ಬೇಕೇ ಬೇಕು ಎಂದೇನಿಲ್ಲ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಇದು. ಸ್ವೀಡನ್‌ನಲ್ಲಿ ಎಸಿಎಲ್ ಹರಿದ 121 ಯುವಜನರ ಮೇಲೆ ಒಂದು ಪ್ರಯೋಗ ನಡೆದಿತ್ತು. ಅದರಲ್ಲಿ ಮೊದಲು ವ್ಯಾಯಾಮ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಅರ್ಧದಷ್ಟು ಮಂದಿ 5 ವರ್ಷದ ನಂತರವೂ ಆಪರೇಷನ್ ಮಾಡಿಸಿಕೊಂಡಿರಲಿಲ್ಲ. ಆದರೆ ಅವರು ವೃತ್ತಿಪರ ಆಟಗಾರರಲ್ಲ. ಅವರಿಗೆ ಸಿಕ್ಕಿದ್ದು ತಿಂಗಳುಗಟ್ಟಲೆ ಫಿಸಿಯೋಥೆರಪಿ, ಎಣ್ಣೆಯಲ್ಲ.

ಮಂಡಿ ತಿರುಚಿ ಅದೇ ದಿನ ಊದಿಕೊಂಡರೆ ಜೋರಾಗಿ ನೀವಿಸಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲಿಗೆ ಭಾರ ಕೊಡಬೇಡಿ, ಮೂಳೆ ತಜ್ಞರಿಗೆ ತೋರಿಸಿ. ಅವರು ಕೈಯಿಂದ ಮಂಡಿ ಎಳೆದು ನೋಡಿ, ಬೇಕಿದ್ದರೆ ಎಂಆರ್‌ಐ ಮಾಡಿಸಿ, ಹರಿದಿರುವುದು ಯಾವ ಲಿಗಮೆಂಟ್ ಎಂದು ಹೇಳುತ್ತಾರೆ.