ಅವರ ಮನೇಲಿದ್ರೆ ವಿಂಟೇಜ್, ನಮ್ಮನೇಲಿದ್ರೆ ಗುಜರಿ



ನನ್ನ ಹಳೇ ಪೆಂಟಿಯಂ ಕಂಪ್ಯೂಟರ್ ಫೋಟೊ ಹಾಕಿದಾಗಿಂದ ಗೆಳೆಯರು ಕೇಳ್ತಾನೇ ಇದ್ದಾರೆ, "ಆ ಗುಜರಿ ಇನ್ನೂ ಯಾಕಣ್ಣ?" ಅಂತ. ಕಾರಣ ಸರಳ. ಅದರಲ್ಲಿ ವಿಂಡೋಸ್ 98 ಇದೆ. ಹಿಂದುಗಡೆ ಸೌಂಡ್ ಕಾರ್ಡಿನಲ್ಲಿ ಜಾಯ್‌ಸ್ಟಿಕ್ ಹಾಕುವ 15 ಪಿನ್ನಿನ ಕಿಂಡಿ ಇದೆ. ಅದಕ್ಕೆ ಮಿಡಿ ಕೇಬಲ್ ಸಿಕ್ಕಿಸಿದರೆ ನನ್ನ ಸೆಕೆಂಡ್ ಹ್ಯಾಂಡ್ ಕೀಬೋರ್ಡಿನ ಜೊತೆ ಮಾತಾಡುತ್ತೆ. ಆ ಕೀಬೋರ್ಡಿನ ದನಿ ತಿದ್ದುವ ಸಾಫ್ಟ್‌ವೇರ್ ಹೊಸ ಲ್ಯಾಪ್‌ಟಾಪಲ್ಲಿ ಓಪನ್ನೇ ಆಗಲ್ಲ.

ಕ್ಲರ್ಕ್ ಸಂಬಳದವನಿಗೆ ಇದು ಶೋಕಿ ಅನ್ನೋರಿಗೆ ಒಂದು ಮಾತು. ಈ ಸಂಗೀತ ಹುಟ್ಟಿದ್ದೇ ಬೇರೆಯವರು ಬೇಡ ಅಂದ ಯಂತ್ರಗಳಲ್ಲಿ. ರೋಲ್ಯಾಂಡ್ ಕಂಪನಿ 1980ರ ದಶಕದ ಶುರುವಿನಲ್ಲಿ ಟಿಬಿ-303 ಅನ್ನೋ ಪುಟ್ಟ ಪೆಟ್ಟಿಗೆ ತಂತು. ಬೇಸ್ ಗಿಟಾರ್ ನುಡಿಸೋರ ಬದಲಿಗೆ ಇರಲಿ ಅಂತ. ಅದು ಗಿಟಾರಿನ ಹಾಗೆ ಕೇಳಿಸಲೇ ಇಲ್ಲ, ವ್ಯಾಪಾರ ಬಿತ್ತು, 1984ಕ್ಕೆ ನಿಲ್ಲಿಸಿದರು. ಆಮೇಲೆ ಅಗ್ಗಕ್ಕೆ ಸಿಗ್ತಿದ್ದ ಅದನ್ನ ಎತ್ಕೊಂಡೋರು ಶಿಕಾಗೋದ ಕಪ್ಪು ಹುಡುಗರು. ಫ್ಯೂಚರ್ ಅನ್ನೋ ತಂಡ ಅದರ ಗುಂಡಿಗಳನ್ನ ತಿರುವಿ ತಿರುವಿ, ಕಂಪನಿಯವರು ಕನಸಲ್ಲೂ ಕೇಳದ ಸದ್ದು ಹೊರಡಿಸಿತು. 1987ರಲ್ಲಿ ಬಂದ ಅವರ 'ಆಸಿಡ್ ಟ್ರ್ಯಾಕ್ಸ್'ನಿಂದ ಒಂದು ಸಂಗೀತ ಪ್ರಕಾರಕ್ಕೇ ಹೆಸರು ಬಂತು. ಅತ್ತ ಕಾರ್ ಫ್ಯಾಕ್ಟರಿಗಳು ಬಾಗಿಲು ಹಾಕ್ತಿದ್ದ ಡೆಟ್ರಾಯಿಟ್‌ನಲ್ಲಿ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಟೆಕ್ನೋ ಕಟ್ಟಿದರು.

ಇವತ್ತು ಅದೇ 303ಗೆ ಲಕ್ಷಗಟ್ಟಲೆ ರೇಟು! ಗಾಜಿನ ಕಪಾಟು ಸೇರಿದ ಮೇಲೆ ಯಂತ್ರದ ಹೆಸರು ಉಳೀತು, ಕೈಗಳ ಹೆಸರು ಹೋಯ್ತು. ನಮಗೇನು ಹೊಸದಾ ಇದು? ನಮ್ಮ ದೇಶದ ಚರಣ್‌ಜಿತ್ ಸಿಂಗ್ ಕಥೆ ನೋಡಿ. ಬಾಂಬೆಯ ಸಿನಿಮಾ ಸಂಗೀತದಲ್ಲಿ ದುಡಿದವರು. ಶಿಕಾಗೋಗಿಂತ ಐದು ವರ್ಷ ಮುಂಚೆ, 1982ರಲ್ಲೇ, ಇದೇ 303 ಇಟ್ಕೊಂಡು ಹತ್ತು ರಾಗಗಳ ರೆಕಾರ್ಡ್ ಮಾಡಿದ್ರು. 2010ರಲ್ಲಿ ಮರುಬಿಡುಗಡೆ ಆಗೋವರೆಗೂ ಅದನ್ನ ಕೇಳೋರೇ ಇರಲಿಲ್ಲ.

ಹಾಡು ಹೇಗೋ ರೆಕಾರ್ಡಲ್ಲಿ ಉಳಿಯುತ್ತೆ. ಹಾಡು ಕಟ್ಟಿದ ಬಗೆ ಇರೋದು ಫ್ಲಾಪಿಯಲ್ಲಿ. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಮಿಡಿ ಕಿಂಡಿ ಕಂಪನಿಯಿಂದಲೇ ಕೂರಿಸಿ ಬರ್ತಿತ್ತು, ಹಾಗಾಗಿ ಎಷ್ಟೋ ಸ್ಟುಡಿಯೋಗಳ ಕೆಲಸ ಅದರಲ್ಲೇ ನಡೀತು. ಯಾವ ಸ್ವರ ಎಲ್ಲಿಟ್ಟರು, ಯಾವುದನ್ನ ಕಿತ್ತರು, ಎಲ್ಲ ಆ ಫೈಲಲ್ಲಿದೆ. ಓದೋ ಯಂತ್ರ ಸತ್ತರೆ ಇದನ್ನ ಮಾಡಿದ್ದು ಇವರೇ ಅನ್ನೋ ಸಾಕ್ಷಿಯೂ ಸತ್ತ ಹಾಗೆ. ಅದಕ್ಕೇ ಇವನ್ನ ನಡೆಸೋದು ಕಾಸಿದ್ದೋರಿಗೆ ಮಾತ್ರ ಬಿಟ್ಟುಕೊಡಬಾರದು ಅನ್ನೋದು.

ರಿಪೇರಿ ಅಂಥ ಬ್ರಹ್ಮವಿದ್ಯೆ ಏನಲ್ಲ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಬದಲಿಸಿ. ತಲೆ ಉಬ್ಬಿದ ಕೆಪಾಸಿಟರ್ ತೆಗೆಸಿ ಹೊಸದು ಬೆಸುಗೆ ಹಾಕಿಸಿ. ಹಾರ್ಡ್‌ಡಿಸ್ಕ್ ಗರಗರ ಅಂತಿದ್ರೆ ಮೊದಲು ಕಾಪಿ ತೆಗೆದು, ಅಡಾಪ್ಟರ್ ಹಾಕಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕೂರಿಸಿ. ಇಂಟರ್ನೆಟ್ ಮಾತ್ರ ಕೊಡಬೇಡಿ.

ನಿಮ್ಮ ಕಡೆ ಯಾರಾದ್ರೂ ಹಳೇ ಸಿಪಿಯು ಗುಜರಿಗೆ ಹಾಕ್ತಿದ್ರೆ ಹಿಂದುಗಡೆ ಒಮ್ಮೆ ನೋಡಿ ಮೆಸೇಜ್ ಹಾಕಿ. ಮಾನಿಟರ್ ಕಿಂಡೀಲೂ 15 ಪಿನ್ನೇ ಇರುತ್ತೆ, ಅದು ಮೂರು ಸಾಲು. ನನಗೆ ಬೇಕಿರೋದು ಎರಡು ಸಾಲಿಂದು.