ಟಕ್ ಟಕ್ ಸದ್ದಿನ ಬೆನ್ನು ಹತ್ತಿ

ಮುಲುಂಡಿನ ನಮ್ಮ ಕಟ್ಟಡದ ಕೆಳಗೆ ಒಂದು ಹಳೆಯ ಸ್ಯಾನ್ ಸ್ಟಾರ್ಮ್ ನಿಂತಿರುತ್ತದೆ. ಗೋವಾದಲ್ಲಿ ತಯಾರಾದ, ಫೈಬರ್ ಮೈಯ ಪುಟ್ಟ ಸ್ಪೋರ್ಟ್ಸ್ ಕಾರು. ಒಳಗಿರುವುದು ರೆನೊದ 1149 ಸಿಸಿ ಎಂಜಿನ್. ಕೊಂಡ ದಿನ ಹೆಂಡತಿ ಕೇಳಿದ್ದಳು: "ಎರಡೇ ಸೀಟು, ನಾವು ಮೂರು ಜನ ಇದ್ದೀವಲ್ರೀ?" ಇನ್ನೂ ಉತ್ತರ ಹೊಳೆದಿಲ್ಲ.

ಡಿಸೆಂಬರಿನಲ್ಲಿ ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಏರಿನಲ್ಲಿ ಎಂಜಿನ್ ತಳದಿಂದ ಟಕ್ ಟಕ್ ಸದ್ದು ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವಲ್ಲಿ ಅರ್ಧಚಂದ್ರದಂಥ ಎರಡು ಬೇರಿಂಗ್ ತುಂಡುಗಳಿರುತ್ತವೆ, ನಡುವೆ ಎಣ್ಣೆಯ ಪದರ. ಅವು ಸವೆದರೆ ಹೀಗೆ ಬಡಿಯುತ್ತದೆ. ಹಾಗೇ ಓಡಿಸಿದರೆ ರಾಡ್ ಎಂಜಿನ್ ಗೋಡೆಯನ್ನೇ ಒಡೆಯಬಹುದು. ಗ್ಯಾರೇಜಿನವರು ಹೇಳಿದ ಮೊತ್ತ ಕಾರಿನ ಬೆಲೆಯ ಅರ್ಧ! ನಾನೇ ಮಾಡುತ್ತೇನೆಂದೆ.

ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲೆಲ್ಲ ಅಲೆದರೂ ಬೇರಿಂಗ್ ಸಿಗಲಿಲ್ಲ. ಯುರೋಪಿನ ಕ್ಲಿಯೊ, ಟ್ವಿಂಗೊಗಳಿಗೂ ಇದೇ ಎಂಜಿನ್ ಇತ್ತು. ಅಲ್ಲಿಂದ ಬೇರಿಂಗ್, ಹೊಸ ಬೋಲ್ಟ್ ತರಿಸಿದೆ.

ಶನಿವಾರ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ), ಎಣ್ಣೆ ಇಳಿಸಿ, ಸಂಪ್ ಬಿಚ್ಚಿದೆ. ತಳದಲ್ಲಿ ತಾಮ್ರದ ಬಣ್ಣದ ಮಿನುಗು. ಮೂರನೆಯ ಬೇರಿಂಗ್ ತಾಮ್ರ ಕಾಣುವಷ್ಟು ಸವೆದಿತ್ತು. ಕ್ರ್ಯಾಂಕಿನ ಮೇಲೂ ಗೀರು ಬಿದ್ದಿದ್ದರೆ ಎಂಜಿನ್ ಇಳಿಸಿ ಗ್ರೈಂಡಿಂಗ್‌ಗೆ ಒಯ್ಯಬೇಕು. ನನ್ನ ಆಟ ಅಲ್ಲಿಗೆ ಮುಗಿದಂತೆ. ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೈಕ್ರೋಮೀಟರ್ ಹಾಕಿದರೆ ಉರುಟೂ ಸರಿಯಿತ್ತು.

ಪ್ರತಿ ರಾಡಿನ ಕ್ಯಾಪ್ ಅದರದಕ್ಕೇ, ಅದೇ ದಿಕ್ಕಿನಲ್ಲೇ ಕೂರಬೇಕು. ಅದಲುಬದಲಾದರೆ ನಮ್ಮ ಆಫೀಸಿನಂತೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ. ಬಿಚ್ಚುವ ಮೊದಲೇ ಗುರುತು ಹಾಕಿದ್ದೆ. ಹೊಸ ಬೇರಿಂಗಿನಲ್ಲಿ ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯಿಟ್ಟು, ಕ್ಯಾಪ್ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಎಳೆ ಎಷ್ಟು ಅಗಲ ಹಿಸುಕಿತೆಂದು ಅಳೆದೆ: 0.04 ಮಿ.ಮೀ. ಕೂದಲಿಗಿಂತ ತೆಳುವಾದ ಸಂದು! ಬೆವರು ಒರೆಸಿಕೊಂಡೆ.

ಭಾನುವಾರ ಸಂಜೆ, ಇಂಧನದ ಫ್ಯೂಸ್ ತೆಗೆದು ಸ್ಟಾರ್ಟರ್ ತಿರುಗಿಸಿದೆ. ಎಣ್ಣೆ ಬೇರಿಂಗಿಗೆ ಏರುವವರೆಗೆ ಎಂಜಿನ್ ಹತ್ತಬಾರದು. ಕೆಂಪು ದೀಪ ಆರಲಿಲ್ಲ. ಹತ್ತು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿದೆ. ಹೆಂಡತಿ ಟೀ ಲೋಟ ಹಿಡಿದು ಮಾತಾಡದೆ ನಿಂತಿದ್ದಳು. ಮೂರನೇ ಸಲ ದೀಪ ಆರಿತು. ಫ್ಯೂಸ್ ಹಾಕಿ ಕೀಲಿ ತಿರುಗಿಸಿದೆ. ಟಕ್ ಟಕ್ ಇಲ್ಲ.

ನೆಲದ ಮೇಲಿನ ಎಣ್ಣೆ ಕಲೆಗೆ ಸೊಸೈಟಿಯ ನೋಟಿಸ್ ಮಾತ್ರ ಸೋಮವಾರವೇ ಬಂತು.